ಗುಬ್ಬಿಗೆ ಬಂದ ರೋಮಿನ ಕೂಸುಗಳು

ಗುಬ್ಬಿಯ ಶಿವರಾಮಯ್ಯನವರು ತಮ್ಮ ಜೀವಮಾನದಲ್ಲಿ ಅರಮನೆಯೊಳಗೆ ಕಾಲಿಟ್ಟದ್ದು ಒಂದೇ ಒಂದು ಸಲ, ಅದೂ ಚಪ್ಪಲಿ ಹೊರಗೆ ಬಿಟ್ಟು. ನಿವೃತ್ತ ನೌಕರರ ಸಂಘದವರು ಮೈಸೂರು ಸೀಮೆಯ ಕಡೆ ಪ್ರವಾಸ ಹೊರಡಿಸಿದ್ದರು. ಜೊತೆಗಿದ್ದವರೆಲ್ಲ ಸಿಂಹಾಸನ ಎಲ್ಲಿ, ಕತ್ತಿ ಎಲ್ಲಿ, ಕಕ್ಕಸು ಎಲ್ಲಿ ಎಂದು ಹುಡುಕುತ್ತಿದ್ದರೆ ಶಿವರಾಮಯ್ಯನವರು ಒಂದು ಹಜಾರದ ನಡುಮಧ್ಯೆ ಕತ್ತು ಮೇಲೆತ್ತಿ ನಿಂತವರು ನಿಂತೇಬಿಟ್ಟರು. ಛಾವಣಿಯ ಮೂಲೆಮೂಲೆಯಲ್ಲಿ ರೆಕ್ಕೆ ಕಟ್ಟಿಕೊಂಡ ದುಂಡುದುಂಡು ಕೂಸುಗಳು ಹೂವಿನ ಸರ ಹಿಡಿದು ಹಾರುತ್ತಿದ್ದವು. ಒಂದರ ಕೈಯಲ್ಲಿ ಪುಟ್ಟ ಬಿಲ್ಲು. ಮೈಮೇಲೆ ಬಟ್ಟೆಯ ಸುಳಿವಿಲ್ಲ, ಮುಖದಲ್ಲಿ ಅದರ ಚಿಂತೆಯೂ ಇಲ್ಲ.

ಗೈಡು ವಿವರಿಸಿದ. ಈ ಕೂಸುಗಳು ನಮ್ಮವಲ್ಲವಂತೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಜನ ತಮ್ಮ ಮನೆಗೋಡೆಗಳ ಮೇಲೆ ಇಂಥವನ್ನು ಬರೆಸುತ್ತಿದ್ದರಂತೆ. ಆಮೇಲೆ ಯುರೋಪಿನ ರಾಜರು ಅದನ್ನು ಕಂಡು ತಮ್ಮ ಅರಮನೆಗೆ ತಂದರಂತೆ. ಅವರದನ್ನು ಕಂಡು ನಮ್ಮ ರಾಜರು ತಂದರಂತೆ. ಇಷ್ಟು ಕೇಳಿದ ಶಿವರಾಮಯ್ಯನವರಿಗೆ, ರಾಜರು ರಾಜರನ್ನು ನೋಡಿ ತಂದಮೇಲೆ ನಾನು ತಂದರೆ ಏನು ತಪ್ಪು ಅನ್ನಿಸಿತು. ಮುಂದೆ ನಡೆದದ್ದಕ್ಕೆಲ್ಲ ಮೂಲ ಇದು.

ಶಿವರಾಮಯ್ಯನವರು ಬಸ್ ಕಂಡಕ್ಟರಾಗಿ ಸರ್ವಿಸ್ ಮುಗಿಸಿದವರು. ತುಮಕೂರು, ಹೆಬ್ಬೂರು, ಕುಣಿಗಲ್ ರೂಟಿನಲ್ಲಿ ಅವರ ಗಂಟಲು ಕೇಳದ ಕಿವಿ ಇಲ್ಲ. ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬಾಗಿಲಿಲ್ಲ. ಅವರಿಗೊಂದು ಸಂಗತಿ ತಿಳಿದರೆ ಸಂಜೆಯ ಹೊತ್ತಿಗೆ ಗುಬ್ಬಿ ಬಸ್‌ಸ್ಟ್ಯಾಂಡಿನ ಕಡಲೆಕಾಯಿ ಮಾರುವವನಿಗೂ ತಿಳಿಯುತ್ತಿತ್ತು. ಹೆಂಡತಿ ದೊಡ್ಡಗಂಗಮ್ಮ, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ಮಗ ಅನಂತರಾಜು, ಗುಬ್ಬಿಯಲ್ಲೇ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಸೊಸೆ ಹೇಮಶ್ರೀ, ಇಷ್ಟೇ ಸಂಸಾರ. ಮದುವೆಯಾಗಿ ವರ್ಷಗಳಾಗಿದ್ದರೂ ಮಗನಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬೀದಿಯಲ್ಲಿ ಎಲ್ಲರೂ ಎತ್ತುತ್ತಿದ್ದರು.

ಎದುರುಮನೆಯ ಗಂಗಹನುಮಯ್ಯ ಆಗತಾನೆ ತನ್ನ ಹಾಲ್‌ಗೆ ಸೀಲಿಂಗ್ ಮಾಡಿಸಿ ಒಳಗೆ ನೀಲಿ, ಕೆಂಪು ಲೈಟು ಬಿಟ್ಟಿದ್ದ. ಸಂಜೆಯಾದರೆ ಅವನ ಮನೆ ಆರ್ಕೆಸ್ಟ್ರಾ ಸ್ಟೇಜಿನ ಹಾಗೆ ಕಾಣುತ್ತಿತ್ತು. ಅದನ್ನು ಮೀರಿಸಬೇಕೆಂದರೆ ಅರಮನೆಯೇ ಆಗಬೇಕು. ಶಿವರಾಮಯ್ಯನವರು ಫೋನಿನಲ್ಲಿ ತೆಗೆದ ಫೋಟೋ ಹಿಡಿದು ತುಮಕೂರಿನ ಶಿರಾ ಗೇಟಿಗೆ ಹೋದರು. ಅಲ್ಲಿ ಛಾವಣಿಗೆ ಪ್ಲಾಸ್ಟರಿನ ಅಲಂಕಾರ ಮಾಡುವ ನಾಸಿರ್ ಎಂಬ ಪಿಓಪಿ ಕೆಲಸಗಾರನ ಅಂಗಡಿ. ನಾಸಿರ್ ಫೋಟೋವನ್ನು ಹಿಗ್ಗಿಸಿ ನೋಡಿದ, ಕುಗ್ಗಿಸಿ ನೋಡಿದ.

"ಇವು ಎಲ್ಲೀವು ಸಾರ್?"

"ರೋಮಿನವು ಸಾಬ್ರೇ, ರೋಮ್!"

"ರೋಮಾನಾ? ಮೈಮೇಲೆ ಒಂದು ಕೂದಲೂ ಇಲ್ವಲ್ಲ ಸಾರ್ ಇವಕ್ಕೆ!"

"ಅಯ್ಯೋ, ರೋಮ್ ಅನ್ನೋದು ಊರು ಕಣ್ರೀ. ಅಲ್ಲಿಂದ ಹೊರಟಿರೋದು ಇದು. ಪ್ಯಾರಿಸ್, ಲಂಡನ್, ಮೈಸೂರು, ಕುಣಿಗಲ್, ಹೆಬ್ಬೂರು, ತುಮಕೂರು ಮಾರ್ಗವಾಗಿ ಗುಬ್ಬಿ. ಲಾಸ್ಟ್ ಸ್ಟಾಪ್ ನಮ್ಮನೆ. ನೀವು ಇಳಿಸ್ಕೊಡಬೇಕು ಅಷ್ಟೆ."

ನಾಸಿರ್ ಇಳಿಸಿಕೊಟ್ಟ. ಹಾಲ್‌ನ ನಾಲ್ಕು ಮೂಲೆಗೆ ನಾಲ್ಕು ಕೂಸು. ಗುಲಾಬಿ, ನವಿಲು, ಬಳ್ಳಿಗಳಿಗೆ ಅವನ ಹತ್ತಿರ ಅಚ್ಚಿತ್ತು. ಮಗುವಿನ ಮುಖಕ್ಕೆ ಅಚ್ಚಿರಲಿಲ್ಲ. ಕೈಯಲ್ಲೇ ತಿದ್ದಬೇಕಾಯಿತು. ತಿದ್ದುವಾಗ ಎದುರಿಗೆ ಕುರ್ಚಿ ಹಾಕಿಕೊಂಡು ಬೆಳಗಿಂದ ಸಂಜೆವರೆಗೂ ಮಾತಾಡುತ್ತಿದ್ದ ಮುಖ ಒಂದೇ. ಹೀಗಾಗಿ ಕೆಲಸ ಮುಗಿದಾಗ ನಾಲ್ಕೂ ಕೂಸುಗಳಿಗೆ ಶಿವರಾಮಯ್ಯನವರ ಗುಂಡುಮೂಗು, ಶಿವರಾಮಯ್ಯನವರ ಅಗಲ ಕಿವಿ ಬಂದುಬಿಟ್ಟಿದ್ದವು.

ದೊಡ್ಡಗಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಮೇಲೆ ನೋಡಿದರು. "ಥೂ, ಇದೇನ್ರೀ ಅವತಾರ! ಹಬ್ಬ ಹುಣ್ಣಿಮೆಗೆ ನೆಂಟರು ಬರೋ ಮನೆ. ಚಡ್ಡಿ ಇಲ್ದಂಗೆ ತಲೆ ಮೇಲೆ ಬಂದು ಕುಂತವಲ್ಲ!"

"ರೋಮನ್ ಸ್ಟೈಲ್ ಕಣೇ ಅದು. ರಾಜರೇ ಸುಮ್ನಿದ್ರು."

"ರಾಜರ ಮನೇಲಿ ಬೀಗರು ಏನೂ ಅಂತಿರ್ಲಿಲ್ಲವೇನೋ. ಸಾಬ್ರೇ, ಚಡ್ಡಿ ಹಾಕಪ್ಪ ಮೊದ್ಲು."

ನಾಸಿರ್ ಪಿಓಪಿಯಲ್ಲೇ ನಾಲ್ಕಕ್ಕೂ ಚಡ್ಡಿ ಮೆತ್ತಿದ. ಅಷ್ಟಕ್ಕೆ ನಿಲ್ಲದೆ ದೊಡ್ಡಗಂಗಮ್ಮ ತಾವೇ ಏಣಿ ಹತ್ತಿ, ನಾಲ್ಕಕ್ಕೂ ಕಪ್ಪು ಉಡಿದಾರ ಕಟ್ಟಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಇಳಿದರು. ಸುಣ್ಣದ್ದಾದರೂ ಕೂಸು ಕೂಸೇ, ಕಣ್ಣು ಬೀಳಬಾರದು ಎಂಬುದು ಅವರ ವಾದ. ಎರಡು ಸಾವಿರ ವರ್ಷದಲ್ಲಿ ಯಾವ ಚಕ್ರವರ್ತಿಗೂ ಹೊಳೆಯದ ಸುಧಾರಣೆ ಗುಬ್ಬಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಆಗಿಹೋಯಿತು.

ಅಂದು ಸಂಜೆ ಗಂಗಹನುಮಯ್ಯ ಗೇಟಿನ ಹತ್ತಿರ ಸಿಕ್ಕ. ಕಿಟಕಿಯಿಂದ ಕೂಸಿನ ಒಂದು ಕಾಲು, ಒಂದು ಉಡಿದಾರ ಅವನ ಕಣ್ಣಿಗೆ ಬಿದ್ದಿತ್ತು. ಮನೆ ತುಂಬ ಮಕ್ಕಳ ಚಿತ್ರ ಯಾರು ಹಾಕುತ್ತಾರೆ, ಯಾಕೆ ಹಾಕುತ್ತಾರೆ ಎಂಬುದು ಅವನಿಗೆ ತಿಳಿಯದ ವಿಷಯವಲ್ಲ.

"ಏನ್ ಶಿವರಾಮಣ್ಣ, ಮನೇಲಿ ಏನೋ ವಿಶೇಷ ಇದ್ದಂಗಿದೆ?"

ಶಿವರಾಮಯ್ಯನವರ ಎದೆ ಉಬ್ಬಿತು. ಕೊನೆಗೂ ಕೇಳಿದನಲ್ಲ! "ಹೂಂ ಕಣಪ್ಪ. ಬಹಳ ದಿನದ ಆಸೆ. ಈಗ ಕೈಗೂಡ್ತು. ನಾಲ್ಕೂ ಚೆನ್ನಾಗಿ ಬಂದವೆ."

"ನಾಲ್ಕಾ!" ಗಂಗಹನುಮಯ್ಯ ಗೇಟು ಹಿಡಿದುಕೊಂಡ.

"ಮತ್ತೆ? ಒಂದು ಎರಡು ಇದ್ರೆ ಶೋಭೆ ಇರಲ್ಲ."

"ನಾಲ್ಕು ಅಂತ ಹೆಂಗೆ ಗೊತ್ತಾಯ್ತು? ಸ್ಕ್ಯಾನ್ ಆಯ್ತಾ?"

"ಮೊದ್ಲು ಫೋನಲ್ಲೇ ಸ್ಕ್ಯಾನ್ ಮಾಡ್ಕೊಂಡ. ಶಿರಾ ಗೇಟ್‌ನ ನಾಸಿರ್. ಬಲು ಬುದ್ಧಿವಂತ."

"ಗಂಡೋ, ಹೆಣ್ಣೋ?"

"ನಾಲ್ಕೂ ಗಂಡೇ. ಕಣ್ಣಿಗೆ ಹೊಡೆದಂಗೆ ಕಾಣ್ತಿತ್ತು. ನಮ್ಮನೆಯೋಳೇ ನಾಚ್ಕೊಂಡು ಚಡ್ಡಿ ಹಾಕ್ಸಿದ್ಲು."

ಈ ಕೊನೆಯ ಮಾತು ಗಂಗಹನುಮಯ್ಯನಿಗೆ ಅರ್ಥವಾಗಲಿಲ್ಲ. ಆದರೆ ಅರ್ಥವಾದಷ್ಟೇ ಸಾಕಾಗಿತ್ತು. ಅವನು ಮನೆಗೆ ಹೋಗಲಿಲ್ಲ. ನೇರ ಹಾಲಿನ ಡೈರಿಗೆ ಹೋದ.

ಮರುದಿನ ಬೆಳಿಗ್ಗೆ ಅನಂತರಾಜು ಫ್ಯಾಕ್ಟರಿಗೆ, ಹೇಮಶ್ರೀ ಕ್ಲಿನಿಕ್ಕಿಗೆ ಹೋದಮೇಲೆ ಹೆಂಗಸರು ಬರತೊಡಗಿದರು. ಒಬ್ಬರು ಮಾವಿನಕಾಯಿ ತಂದರು, ಒಬ್ಬರು ಕೋಡುಬಳೆ ತಂದರು, ಒಬ್ಬರು ಹುಣಸೆಹಣ್ಣಿನ ಗೊಜ್ಜು ತಂದರು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಸುಮ್ಮನೆ ದೊಡ್ಡಗಂಗಮ್ಮನ ಕೈ ಅದುಮಿ ನಕ್ಕರು. ಮೇಲೆ ನೋಡಿ, "ಥೇಟ್ ತಾತನ ಮೂಗು!" ಎಂದರು. ಮೊದಲು ದೊಡ್ಡಗಂಗಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಿಳಿದು, ಸೊಸೆ ತನಗೆ ಹೇಳದೆ ಬೇರೆಯವರಿಗೆ ಹೇಳಿರಬಹುದೆ ಎಂದು ಒಂದು ಗಳಿಗೆ ನೊಂದರು. ಇದ್ದರೂ ಇರಬಹುದು, ಈಗಿನ ಕಾಲದ ಹುಡುಗಿ, ಗಟ್ಟಿಯಾಗಲಿ ಎಂದು ಕಾಯುತ್ತಿರಬಹುದು ಎಂದುಕೊಂಡು ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅಂದು ಇಡೀ ದಿನ ಆ ಹೆಂಗಸು ನೆಲದ ಮೇಲೆ ನಡೆಯಲಿಲ್ಲ.

ಅದರ ಮಾರನೇ ದಿನ ಆಶಾ ಕಾರ್ಯಕರ್ತೆ ಬಂದಳು. ಅವಳ ಹಿಂದೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರರು ಬಂದರು. ಅವರ ಹಿಂದೆ ಗಂಗಹನುಮಯ್ಯ, ಅವನ ಹಿಂದೆ ಬೀದಿ. ಅಂದು ಕ್ಲಿನಿಕ್ಕಿಗೂ ಫ್ಯಾಕ್ಟರಿಗೂ ರಜೆ. ಮಗ ಸೊಸೆ ಇಬ್ಬರೂ ಮನೆಯಲ್ಲಿದ್ದರು. ಹೇಮಶ್ರೀ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು.

ಇನ್‌ಸ್ಪೆಕ್ಟರರು ಗಂಟಲು ಸರಿಮಾಡಿಕೊಂಡರು. "ನೋಡಿ ಯಜಮಾನ್ರೇ, ಹುಟ್ಟೋ ಮೊದ್ಲು ಗಂಡು ಹೆಣ್ಣು ತಿಳ್ಕೊಳ್ಳೋದು ಅಪರಾಧ. ನಾಲ್ಕೂ ಗಂಡು ಅಂತ ನೀವೇ ಊರೆಲ್ಲ ಹೇಳ್ಕೊಂಡು ಓಡಾಡ್ತಿದೀರಂತೆ. ಯಾವ ಸ್ಕ್ಯಾನಿಂಗ್ ಸೆಂಟರ್?"

"ಶಿರಾ ಗೇಟ್ ಸಾರ್, ನಾಸಿರ್ ಅಂತ."

"ಎಂಬಿಬಿಎಸ್ಸಾ?"

"ಪಿಓಪಿ."

"ಪಿಓಪಿ ಯಾವ ಡಿಗ್ರಿ ರೀ?"

"ಡಿಗ್ರಿ ಗಿಗ್ರಿ ಗೊತ್ತಿಲ್ಲ ಸಾರ್. ಕೈ ಒಳ್ಳೇದು. ಬಕೀಟಲ್ಲಿ ಕಲಸಿ ಒಂದೇ ದಿನದಲ್ಲಿ ನಾಲ್ಕೂ ಹೊರಗೆ ತೆಗೆದ."

ಆಶಾ ಕಾರ್ಯಕರ್ತೆ ಗೋಡೆ ಹಿಡಿದು ಕೂತಳು. ಇನ್‌ಸ್ಪೆಕ್ಟರರು ಬೆವರೊರೆಸಿಕೊಂಡು, "ಎಲ್ಲಿ, ಎಲ್ಲಿ ಅವು?" ಎಂದರು. ಶಿವರಾಮಯ್ಯನವರು ಅಭಿಮಾನದಿಂದ ಮೇಲೆ ಕೈ ತೋರಿಸಿದರು. ಎಲ್ಲರ ಕತ್ತೂ ಒಟ್ಟಿಗೆ ಮೇಲೆದ್ದಿತು. ನಾಲ್ಕು ಮೂಲೆಯಿಂದ ನಾಲ್ಕು ಶಿವರಾಮಯ್ಯನವರು ಚಡ್ಡಿ ಹಾಕಿಕೊಂಡು, ಬಿಲ್ಲು ಹಿಡಿದುಕೊಂಡು ಕೆಳಗೆ ನೋಡಿ ನಗುತ್ತಿದ್ದರು.

ಮೊದಲು ನಕ್ಕವರು ಇನ್‌ಸ್ಪೆಕ್ಟರರೇ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. "ಅಯ್ಯೋ, ಅದಕ್ಕೆ ಕೋಡುಬಳೆ ಬೇರೆ ಕೊಟ್ನಲ್ಲ!" ಎಂದು ಯಾರೋ ಕೂಗಿದರು. ನಗದೆ ನಿಂತಿದ್ದ ಹೆಂಗಸರು ಇಬ್ಬರೇ. ದೊಡ್ಡಗಂಗಮ್ಮ ದೇವರ ಕೋಣೆಯ ಬಾಗಿಲಲ್ಲಿ, ಹೇಮಶ್ರೀ ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಲಟ್ಟಣಿಗೆ ಹಿಡಿದು. ಅತ್ತೆಯ ಮುಖ ನೋಡಿದ ಸೊಸೆಗೆ ಎಲ್ಲ ಅರ್ಥವಾಯಿತು. ಅವಳು ಒಳಗೆ ಹೋದಳು.

ಜನ ಚದುರಿದಮೇಲೆ ಅನಂತರಾಜು ಅಪ್ಪನ ಮುಂದೆ ಬಂದು ನಿಂತ. "ಅಪ್ಪ, ನಿನ್ನ ಅರಮನೆ ಸಾಕು. ನಾಳೆ ಇವನ್ನ ಕೀಳಿಸ್ಬುಡು. ಅವಳು ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

ಶಿವರಾಮಯ್ಯನವರು ಅಂದು ಊಟ ಮಾಡಲಿಲ್ಲ. ಸೊಸೆಯೆಂದರೆ ಅವರಿಗೆ ಪ್ರಾಣ. ತಾನು ಮಾಡಿದ್ದು ಏನು ಎಂಬುದು ಅವರಿಗೆ ನಿಧಾನವಾಗಿ, ಪೂರಾ, ತಿಳಿಯಿತು. ಇನ್ನು ಈ ಮನೆಯ ಹೊಸ್ತಿಲ ಹತ್ತಿರ ನಿಂತು ಮಗು ಅನ್ನುವ ಶಬ್ದ ಯಾರು ಎತ್ತಿದರೂ ಅವರ ಗ್ರಹಚಾರ ಬಿಡಿಸುತ್ತೇನೆ ಎಂದು ನಿರ್ಧರಿಸಿದರು. ಅವರ ನಿರ್ಧಾರಗಳ ತೊಂದರೆಯೆಂದರೆ, ಅವು ಯಾವಾಗಲೂ ಒಂದು ಬಸ್ಸು ತಡವಾಗಿ ಬರುತ್ತಿದ್ದವು.

ಮರುದಿನ ನಾಸಿರ್ ಬಂದ. ಸುತ್ತಿಗೆ ತಂದಿದ್ದ, ಆದರೆ ಹೊಡೆಯಲು ಮನಸ್ಸು ಬರಲಿಲ್ಲ. "ನನ್ನ ಕೈಯಾರೆ ಮಾಡಿದ್ದು ಸಾರ್. ತಂತಿ ಕತ್ತರಿಸಿ ಮೆಲ್ಲಗೆ ಇಳಿಸ್ತೀನಿ" ಎಂದು ಏಣಿ ಹತ್ತಿದ. ಮೊದಲನೆಯ ಕೂಸು ಕೆಳಗಿಳಿದು ಶಿವರಾಮಯ್ಯನವರ ಕೈಗೆ ಬಂದಿತ್ತು. ಆಗಲೇ ಬಾಗಿಲು ತಟ್ಟಿದ ಸದ್ದಾಯಿತು. ಕೂಸನ್ನು ಕೆಳಗಿಟ್ಟು ಹೋಗಿ ತೆರೆದರು.

ಹೊರಗೆ ಕಾಟನ್ ಸೀರೆಯ ಒಬ್ಬ ಹೆಂಗಸು. ಹೆಗಲಿಗೊಂದು ಬ್ಯಾಗು. "ನಮಸ್ಕಾರ. ನನ್ನ ಹೆಸರು ಮಹಾಲಕ್ಷ್ಮಮ್ಮ, ತುಮಕೂರಿನಿಂದ ಬಂದಿದೀನಿ. ನಾಳೆ ಬರ್ಬೇಕಿತ್ತು, ಈ ಕಡೆ ಬೇರೆ ಕೆಲಸ ಇತ್ತು, ಹಂಗೇ ಬಂದೆ. ಮಗು ವಿಚಾರವಾಗಿ ಸ್ವಲ್ಪ ಮಾತಾಡ್ಬೇಕಿತ್ತು."

ಶಿವರಾಮಯ್ಯನವರ ರಕ್ತ ಕುದಿಯಿತು. ಸುದ್ದಿ ತುಮಕೂರಿಗೂ ಮುಟ್ಟಿತೆ! "ಯಾವ ಮಗೂನೂ ಇಲ್ಲ, ಏನೂ ಇಲ್ಲ! ನಿಮಗೆಲ್ಲ ಬೇರೆ ಕೆಲಸ ಇಲ್ವೇನಮ್ಮ?"

ಆಕೆ ಗಾಬರಿಯಾಗಲಿಲ್ಲ. "ಹಿರಿಯರಿಗೆ ಮನೇಲಿ ಮಗು ಬರೋದು ಇಷ್ಟ ಇಲ್ವಾ?"

"ಇಷ್ಟಾನೂ ಇಲ್ಲ, ಗಿಷ್ಟಾನೂ ಇಲ್ಲ! ಈ ಮನೇಲಿ ಮಗು ಅನ್ನೋ ಮಾತೇ ಬೇಡ. ಇದ್ದ ನಾಲ್ಕನ್ನೂ ಇವತ್ತೇ ಹೊಡೆದು ಹಾಕಿಸ್ತಾ ಇದೀನಿ!"

"ಏನಂದ್ರಿ?"

"ನಾಲ್ಕನ್ನೂ! ಒಳಗೆ ನಾಸಿರ್ ಸುತ್ತಿಗೆ ತಂದವ್ನೆ. ಒಂದು ಆಗ್ಲೇ ಆಯ್ತು!"

ಒಳಗಿನಿಂದ ನಾಸಿರನ ದನಿ ಕೇಳಿಸಿತು: "ಸಾರ್, ಎರಡನೇದರ ಕಾಲು ಮುರೀತು!"

ಮಹಾಲಕ್ಷ್ಮಮ್ಮ ಹಿಂದೆ ಹಿಂದೆ ಹೆಜ್ಜೆಯಿಟ್ಟು ಗೇಟು ದಾಟಿದರು. ಶಿವರಾಮಯ್ಯನವರಿಗೆ ಬಹಳ ಸಮಾಧಾನವಾಯಿತು. ಸೊಸೆಯ ಮಾನ ಕಾಪಾಡಿದೆನಲ್ಲ ಎಂದು ಒಂದು ಲೋಟ ನೀರು ಕುಡಿದು, ಕೆಳಗಿಟ್ಟ ಕೂಸನ್ನು ಮತ್ತೆ ಎತ್ತಿ ಕಂಕುಳಿಗೆ ಇರುಕಿಸಿಕೊಂಡರು.

ಆ ಸಮಾಧಾನ ಹೆಚ್ಚು ಹೊತ್ತು ಇರಲಿಲ್ಲ. ಹೇಮಶ್ರೀ ಕ್ಲಿನಿಕ್ಕಿನಿಂದ ಓಡುತ್ತಲೇ ಬಂದಳು. ಚಪ್ಪಲಿ ಬಿಚ್ಚುವಷ್ಟೂ ತಾಳ್ಮೆಯಿರಲಿಲ್ಲ.

"ಮಾವ, ಮಹಾಲಕ್ಷ್ಮಮ್ಮ ಮೇಡಂಗೆ ಏನಂದ್ರಿ? ಫೋನ್ ಮಾಡಿದ್ರು. ಮನೆಯೋರ ಒಪ್ಪಿಗೆ ಇಲ್ದೆ ಮುಂದೆ ಹೋಗಕ್ಕಾಗಲ್ಲ ಅಂದ್ರು."

"ಯಾರಮ್ಮ ಅವರು?"

"ದತ್ತು ಕೇಂದ್ರದವರು, ಮಾವ!" ಹೇಮಶ್ರೀ ಅಲ್ಲೇ ಕುಸಿದು ಕೂತಳು. "ನಾನೂ ಇವರೂ ಮಗು ಬೇಕು ಅಂತ ಅರ್ಜಿ ಹಾಕಿ ಎಷ್ಟು ಕಾಲ ಆಯ್ತು. ಈಗ ಮನೆ ನೋಡಕ್ಕೆ ಬರೋ ಹಂತಕ್ಕೆ ಬಂದಿತ್ತು. ಇವತ್ತು ಸಾಯಂಕಾಲ ನಿಮ್ಮಿಬ್ಬರನ್ನೂ ಕೂರಿಸ್ಕೊಂಡು ಹೇಳೋಣ ಅಂತಿದ್ವಿ. ಮೊದ್ಲೇ ಹೇಳಿದ್ರೆ... ನಿಮಗೆ ಹೇಳಿದ್ರೆ ಬಸ್‌ಸ್ಟ್ಯಾಂಡಿಗೇ ಹೇಳಿದಂಗೆ ಅಂತ ಸುಮ್ನಿದ್ವಿ."

ದೊಡ್ಡಗಂಗಮ್ಮ ಬಂದು ಸೊಸೆಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು. "ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಮಗಳೆ?" ಎಂದವರು ತಲೆಯೆತ್ತಿ, "ರೀ, ಇನ್ನೂ ಇಲ್ಲೇ ನಿಂತಿದೀರಲ್ಲ! ಆವಮ್ಮ ಬಸ್ ಹತ್ತೋದ್ರೊಳಗೆ ಹೋಗ್ರೀ!" ಎಂದು ಗದರಿದರು.

ಶಿವರಾಮಯ್ಯನವರು ಓಡಿದರು. ಕಾಲಿಗೆ ಚಪ್ಪಲಿಯಿಲ್ಲ, ಮೈಮೇಲೆ ಬನೀನು, ತಲೆ ತುಂಬ ಪಿಓಪಿ ಪುಡಿ, ಕಂಕುಳಲ್ಲಿ ರೆಕ್ಕೆಯ ಕೂಸೊಂದು. ಅದನ್ನು ಕೆಳಗಿಡಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ. ಬೀದಿಯ ಜನ ದಾರಿ ಬಿಟ್ಟರು.

ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸು ಆಗಲೇ ರಿವರ್ಸ್ ತೆಗೆದು ಹೊರಳುತ್ತಿತ್ತು. ಶಿವರಾಮಯ್ಯನವರು ಅಷ್ಟೂ ವರ್ಷದ ಸರ್ವಿಸನ್ನು ಗಂಟಲಿಗೆ ತಂದುಕೊಂಡು, "ಹೋಲ್ಡಾನ್!" ಎಂದು ಕೂಗಿದರು. ಡ್ರೈವರಿನ ಕಾಲು ತನಗೆ ತಾನೇ ಬ್ರೇಕಿನ ಮೇಲೆ ಹೋಯಿತು. ಅವರು ಹತ್ತಿದರು. ಕಂಡಕ್ಟರು ಹಳಬರನ್ನು ಗುರುತಿಸಿ, ಕಂಕುಳ ಕಡೆ ನೋಡಿ, "ಅಣ್ಣ, ಮಗು ಆಫ್ ಟಿಕೆಟ್ಟಾ?" ಎಂದ.

ಮಹಾಲಕ್ಷ್ಮಮ್ಮ ಮೂರನೇ ಸೀಟಿನಲ್ಲಿ ಕೂತಿದ್ದರು. ಇವರನ್ನು ಕಂಡದ್ದೇ ಕಿಟಕಿಯ ಕಡೆ ಸರಿದರು.

"ಅಮ್ಮ, ಹೆದರ್ಬೇಡಿ. ನಾನು ಹೊಡೆದು ಹಾಕಿಸ್ತೀನಿ ಅಂದಿದ್ದು ಇದನ್ನ. ಪಿಓಪಿ. ಮುಟ್ಟಿ ನೋಡಿ."

ಆಕೆ ಮುಟ್ಟಿ ನೋಡಿದರು. ಇವರ ಮುಖ ನೋಡಿದರು, ಕೂಸಿನ ಮುಖ ನೋಡಿದರು. ತುಟಿ ಸ್ವಲ್ಪ ನಡುಗಿತು, ಆದರೆ ನಗಲಿಲ್ಲ. ಬಸ್ಸು ನಿಂತೇ ಇತ್ತು. ಶಿವರಾಮಯ್ಯನವರು ನಿಂತ ನಿಲುವಿನಲ್ಲಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಅರಮನೆ, ಗಂಗಹನುಮಯ್ಯನ ಲೈಟು, ನಾಸಿರ್, ಕೋಡುಬಳೆ, ಇನ್‌ಸ್ಪೆಕ್ಟರು, ಲಟ್ಟಣಿಗೆ ಹಿಡಿದು ನಿಂತ ಸೊಸೆ. ಹಿಂದಿನ ಸೀಟಿನವರು ಮುಂದೆ ಬಂದು ನಿಂತು ಕೇಳಿದರು.

ಮಹಾಲಕ್ಷ್ಮಮ್ಮ ಎಲ್ಲ ಕೇಳಿ ಸಾವಧಾನವಾಗಿ ಹೇಳಿದರು: "ಯಜಮಾನ್ರೇ, ತಪ್ಪು ತಿಳುವಳಿಕೆ ಆಯ್ತು, ಸರಿ. ಆದ್ರೆ ನಾನು ಕೇಳಬೇಕಾಗಿರೋದು ಬೇರೆ ಇದೆ. ಆ ಮಗು ಯಾರದೋ, ಎಲ್ಲಿಯದೋ. ಯಾವ ಜಾತಿ, ಯಾವ ಕುಲ ನಮಗೂ ಗೊತ್ತಿರಲ್ಲ. ನಾಳೆ ನೆಂಟರು ಒಂದು ಮಾತು ಅಂದ್ರೆ ನೀವು ಏನು ಮಾಡ್ತೀರಿ?"

ಶಿವರಾಮಯ್ಯನವರು ಇಷ್ಟು ದಿನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿದವರು. ಈ ಸಲ ಸ್ವಲ್ಪ ತಡೆದರು. ಕಂಕುಳ ಕೂಸನ್ನು ಎರಡೂ ಕೈಗೆ ತೆಗೆದುಕೊಂಡರು.

"ಅಮ್ಮ, ಇದು ರೋಮಿನದಂತೆ. ಯಾರ ಮಗುವೋ ಏನೋ. ಎಲ್ಲೆಲ್ಲೋ ಸುತ್ಕೊಂಡು ಯಾರ್ಯಾರದೋ ಅರಮನೇಲಿದ್ದು ನಮ್ಮನೆಗೆ ಬಂತು. ಬಂದ ದಿನ ನನ್ನ ಹೆಂಡ್ತಿ ಬೈದ್ಲು. ಬೈಕೊಂಡೇ ಚಡ್ಡಿ ಹಾಕ್ಸಿದ್ಲು. ಉಡಿದಾರ ಕಟ್ಟಿದ್ಲು, ದೃಷ್ಟಿಬೊಟ್ಟಿಟ್ಲು, ನೋಡಿ, ಇಲ್ಲೇ ಇದೆ. ಸುಣ್ಣದ ಬೊಂಬೆಗೇ ಕಣ್ಣು ಬೀಳಬಾರದು ಅನ್ನೋಳು, ಜೀವ ಇರೋ ಕೂಸು ಬಂದ್ರೆ ನೀನು ಯಾವ ಕುಲ ಅಂತ ಕೇಳ್ತಾಳಾ? ಕೇಳೋರು ಬೀದೀಲಿ ಕೇಳ್ಕೊಳ್ಲಿ. ನನ್ನ ಬಾಯಿ ಎಷ್ಟು ದೊಡ್ಡದು ಅಂತ ಅವರಿಗೂ ಗೊತ್ತಾಗುತ್ತೆ."

ಒಬ್ಬ ಅಜ್ಜಿ ಹಿಂದಿನಿಂದ, "ಕೊಡವ್ವ ತಾಯಿ, ಪಾಪ" ಎಂದಳು, ಮಗು ಆಕೆಯ ಬ್ಯಾಗಿನಲ್ಲೇ ಇದೆಯೇನೋ ಎಂಬಂತೆ.

ಮಹಾಲಕ್ಷ್ಮಮ್ಮ ಈಗ ನಕ್ಕರು. "ಬಸ್ಸಲ್ಲಿ ಕೊಡೋದಲ್ಲಜ್ಜಿ ಅದು. ನಡೀರಿ ಯಜಮಾನ್ರೇ, ನಿಮ್ಮ ಮನೆಯೋರನ್ನ ನೋಡ್ಬೇಕು" ಎಂದು ಇಳಿದರು. ಶಿವರಾಮಯ್ಯನವರು ಬಸ್ಸಿನ ಬೆನ್ನು ತಟ್ಟಿ, "ರೈಟ್! ರೈಟ್!" ಎಂದರು. ಆ ಎರಡು ಶಬ್ದಗಳನ್ನು ಇಡೀ ಸರ್ವಿಸ್ಸಿನಲ್ಲಿ ಅವರು ಅಷ್ಟು ಸಂತೋಷದಿಂದ ಹೇಳಿರಲಿಲ್ಲ.

ಮುಂದಿನದು ಬೇಗ ಆಗಲಿಲ್ಲ. ಸರ್ಕಾರದ ಕೆಲಸ, ನಿಧಾನವಾಗಿಯೇ ನಡೆಯಿತು. ಮಹಾಲಕ್ಷ್ಮಮ್ಮ ಮತ್ತೆ ಬಂದರು, ಅತ್ತೆ ಸೊಸೆಯರನ್ನು ಬೇರೆ ಬೇರೆ ಕೂರಿಸಿ ಕೇಳಿದರು, ಒಟ್ಟಿಗೆ ಕೂರಿಸಿ ಕೇಳಿದರು. ಹೇಮಶ್ರೀ ಹೇಳಿದಂತೆ ನಾಸಿರ್ ಕೂಸುಗಳನ್ನು ವಾಪಸ್ ಮೇಲೆ ಕೂರಿಸಿ, ಮುರಿದ ಕಾಲು ಜೋಡಿಸಿಕೊಟ್ಟ. ಅರಮನೆ ಮಾದರಿಯ ಛಾವಣಿ ಮಾಡಿಕೊಡಲಾಗುವುದು ಎಂದು ಅವನು ಶಿರಾ ಗೇಟಿನಲ್ಲಿ ಹೊಸ ಬೋರ್ಡು ಕೂಡ ಬರೆಸಿದ. ಕಾಯುವ ತಿಂಗಳುಗಳಲ್ಲಿ ಶಿವರಾಮಯ್ಯನವರಿಗೆ ಸುದ್ದಿ ಹೊರಗೆ ಹೇಳಬಾರದೆಂದು ಮನೆಯವರೆಲ್ಲ ಸೇರಿ ಆಣೆ ಹಾಕಿಸಿದ್ದರು. ಅವರು ಸಂಜೆ ಹೊತ್ತು ಬಸ್‌ಸ್ಟ್ಯಾಂಡಿಗೆ ಹೋಗುವುದನ್ನೇ ಬಿಟ್ಟರು. ಅವರ ಆರೋಗ್ಯ ಕೆಟ್ಟಿದೆ ಎಂದು ಗಂಗಹನುಮಯ್ಯ ಊರೆಲ್ಲ ಹೇಳಿದ.

ಆಮೇಲೊಂದು ದಿನ ಅನಂತರಾಜು ಮತ್ತು ಹೇಮಶ್ರೀ ಕಾರಿನಿಂದ ಇಳಿದಾಗ, ಅವರ ನಡುವೆ ಆಗತಾನೆ ಸರಿಯಾಗಿ ನಡೆಯಲು ಕಲಿತ ಒಂದು ಹೆಣ್ಣುಮಗು ಇತ್ತು. ಬೀದಿಯವರೆಲ್ಲ ಬಂದರು. ದೊಡ್ಡಗಂಗಮ್ಮ ಆರತಿ ಎತ್ತಿದರು. "ಬಾ ಕೂಸೆ", "ಬಾರೇ ಬಂಗಾರ", "ನನ್ನ ಹತ್ರ ಬಾ, ಚಾಕ್ಲೇಟ್ ಕೊಡ್ತೀನಿ" ಎಂದು ನಾಲ್ಕೂ ಕಡೆಯಿಂದ ಕೈಗಳು ಚಾಚಿದವು. ಮಗು ಅಷ್ಟೂ ಮುಖ ನೋಡಿ, ಅಷ್ಟೂ ದನಿ ಕೇಳಿ, ಹೇಮಶ್ರೀಯ ಕಾಲು ತಬ್ಬಿಕೊಂಡು ಜೋರಾಗಿ ಅಳತೊಡಗಿತು. ಚಾಕ್ಲೇಟಿಗೂ ಅಳು, ಗಿಲಕಿಗೂ ಅಳು. ಗಂಗಹನುಮಯ್ಯ ಬೆಕ್ಕಿನ ಹಾಗೆ ಕೂಗಿ ತೋರಿಸಿದ್ದಕ್ಕಂತೂ ಇನ್ನೂ ಜೋರು ಅಳು.

ಶಿವರಾಮಯ್ಯನವರಿಗೆ ಏನಾದರೂ ಹೇಳಿ ಕೆಡಿಸುತ್ತೇನೋ ಎಂಬ ಭಯ. ತುಟಿ ಬಿಗಿಹಿಡಿದು, ಎಲ್ಲರಿಂದ ದೂರ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ.

ಮಗು ಅಳುತ್ತಳುತ್ತಲೇ ಸುತ್ತ ನೋಡಿತು. ಅಷ್ಟು ಜನರಲ್ಲಿ ಸದ್ದು ಮಾಡದೆ ಕೂತವರು ಅವರೊಬ್ಬರೇ. ಅದು ಹೇಮಶ್ರೀಯ ಕಾಲು ಬಿಟ್ಟು, ಜನರ ನಡುವೆ ನುಸುಳಿಕೊಂಡು ಹೋಗಿ, ಅವರ ತೊಡೆಯ ಮೇಲೆ ಧೊಪ್ಪನೆ ಕೂತಿತು. ಮೂಗನ್ನು ಅವರ ಅಂಗಿಗೆ ಒರೆಸಿತು. ಸ್ವಲ್ಪ ಹೊತ್ತಿಗೆ ಅಲ್ಲೇ ನಿದ್ದೆ ಹೋಯಿತು.

ಜನ ಪಾಯಸ ಕುಡಿದು ಹೋದರು. ಎಲೆ ಹಾಕಿದ ದೊಡ್ಡಗಂಗಮ್ಮ, "ಏಳ್ರೀ, ಹೊತ್ತಾಯ್ತು, ಊಟ ಮಾಡ್ರೀ" ಎಂದು ಕರೆದರು. ಶಿವರಾಮಯ್ಯನವರ ಕಾಲು ಜೋಮು ಹಿಡಿದು ಯಾವ ಕಾಲವಾಗಿತ್ತೋ. ಅವರು ತಲೆ ಅಲ್ಲಾಡಿಸಿ, ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಹೇಳಿ, ನೀವು ಮಾಡಿ ಎಂದು ಕೈಸನ್ನೆ ಮಾಡಿದರು.